ಅನಕಾಪಲ್ಲಿಗೆ ಸೋಲಿನ ಕಾಗದ

ಫೆಬ್ರವರಿ 10, ಸೋಮವಾರ

ಇಲ್ಲಿಯೂ ಬರೆಯದೆ ಬಿಟ್ಟುಬಿಡೋಣವೆಂದು ಊಟವಾದ ಮೇಲೆ ಸುಮಾರು ಹೊತ್ತು ಸುಮ್ಮನೆ ಕುಳಿತಿದ್ದೆ. ಬೇರೆ ಯಾರೂ ಓದದ ಪುಸ್ತಕದಲ್ಲೂ ಮುಚ್ಚಿಡುವುದಾದರೆ ಬರೆಯುವುದಾದರೂ ಯಾಕೆ? ಹಾಗಾಗಿ ಮೊದಲು ಅದನ್ನೇ ಬರೆಯುತ್ತೇನೆ. ನಿನ್ನೆ ಬೆಳಿಗ್ಗೆ, ಪಂದ್ಯಕ್ಕೆ ಐದಾರು ಗಂಟೆ ಮುಂಚೆ, ಮಂಗಳಗಿರಿಯ ಒಂದು ಸೀರೆ ಅಂಗಡಿಯಲ್ಲಿ, ಆವರೆಗೆ ಮುಖ ನೋಡಿರದ ಒಬ್ಬ ಹೆಂಗಸಿಗೆ ಆದರ್ಶನ ಎಡಭುಜದ ವಿಷಯ ಹೇಳಿದೆ.

ಸಂಜೆ ವಿಜಯವಾಡದಲ್ಲಿ ನಾವು ಎರಡು ಗೋಲಿನಿಂದ ಸೋತೆವು. ಎರಡೂ ಅವನ ಎಡಗಡೆಯಿಂದ ಒಳಗೆ ಹೋದವು.

ಇದಕ್ಕೂ ಅದಕ್ಕೂ ಸಂಬಂಧ ಇರಬೇಕೆಂದೇನಿಲ್ಲ. ಗೋಲು ಎರಡೇ ಕಡೆಯಿಂದ ಬರಬಹುದು, ಎರಡೂ ಒಂದೇ ಕಡೆಯಿಂದ ಬರುವುದು ಅಪರೂಪವಲ್ಲ. ರೈಲಿನಲ್ಲಿ ಆರು ಗಂಟೆ ಇದನ್ನೇ ಹೇಳಿಕೊಳ್ಳುತ್ತ ಬಂದೆ.

ಆದರ್ಶ್ ನಮ್ಮ ಹಾರ್ಬರ್ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಕ್ರೀಡಾ ಕೋಟಾದಲ್ಲಿ ಬ್ಯಾಂಕಿಗೆ ಸೇರಿದವನು, ನನ್ನ ಶಾಖೆಯಲ್ಲೇ ಗುಮಾಸ್ತ. ಊರು ಬೆಳಗಾವಿ. ಜನವರಿಯಲ್ಲಿ ಮೂರು ದಿನದ ರಜೆ ಅರ್ಜಿಗೆ ಡಾಕ್ಟರ ಚೀಟಿ ಲಗತ್ತಿಸಿ ನನ್ನ ಕ್ಯಾಬಿನ್ನಿಗೆ ಬಂದು, ಬಾಗಿಲು ಮುಂದೆ ಮಾಡಿ ಹೇಳಿದ್ದ: “ಮೇಡಮ್, ಎಡಗೈ ತಲಿ ಮ್ಯಾಲೆ ಏಳವಲ್ದು. ಕ್ಲಬ್ಬಿಗೆ ಗೊತ್ತಾದ್ರ ಕೂಡಸ್ತಾರ. ಇನ್ನ ಎರಡ ಮ್ಯಾಚ್ ಅದಾವ. ಯಾರ ಮುಂದೂ ಹೇಳಬ್ಯಾಡ್ರಿ.” ಹೇಳುವುದಿಲ್ಲ ಎಂದಿದ್ದೆ. ಹೇಳಿರಲೂ ಇಲ್ಲ. ಭಾನುವಾರಗಳನ್ನು ಒಟ್ಟಿಗೆ ಕಳೆಯುವ ನಮ್ಮ ಗೇಟ್ ನಂಬರ್ ನಾಲ್ಕರ ಅಭಿಮಾನಿ ಗುಂಪಿನ ಹದಿನೆಂಟು ಜನರಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

ನಿನ್ನೆ ಬೆಳಿಗ್ಗೆ ನಮ್ಮ ಗುಂಪಿನ ಹುಡುಗಿ ಸಾಹಿತ್ಯ ದೇವಸ್ಥಾನದ ಬೆಟ್ಟ ಹತ್ತಲು ಹೋದಳು. ನನಗೆ ಮೊಣಕಾಲು ನೋವು. ಸೀರೆ ನೋಡುತ್ತಿರುತ್ತೇನೆ ಎಂದೆ. ಅಂಗಡಿಯೊಳಗೆ ಒಬ್ಬಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: “ಅಂಚು ಛಲೋ ಅದ, ಮೈ ಬಣ್ಣ ಭಾಳ ಗಾಢ ಆತು.” ಧಾರವಾಡ ಬಿಟ್ಟು ಇಪ್ಪತ್ತು ವರ್ಷವಾದರೂ ನನ್ನ ಕಿವಿ ಹಿಂದಕ್ಕೆ ತಿರುಗಿತು. ಅವಳು ಹುಬ್ಬಳ್ಳಿಯವಳು, ಗಿರಿಜಾ, ವಿಜಯವಾಡಕ್ಕೆ ಬಂದು ಎರಡು ವರ್ಷ. ಇಬ್ಬರೂ ಮಗ್ಗದವರ ಚಾಪೆಯ ಮೇಲೆ ಕುಳಿತು ಮುಕ್ಕಾಲು ಗಂಟೆ ಹರಟಿದೆವು. ಗವರ್ನರ್‌ಪೇಟೆಯಲ್ಲಿ ಬಿಳಿಜೋಳದ ರೊಟ್ಟಿ ತಟ್ಟಿಕೊಡುವವರ ನಂಬರು ನನ್ನ ಫೋನಿಗೆ ಕಳಿಸಿದಳು. ನನ್ನ ಕೊರಳಿನ ಹಳದಿ ಸ್ಕಾರ್ಫ್ ನೋಡಿ ಆಟ ನೋಡಾಕ ಬಂದೀರೇನು ಎಂದಳು. ತನಗೆ ಆಟ ತಿಳಿಯುವುದಿಲ್ಲ, ಮನೆಯಲ್ಲಿ ಮಾತ್ರ ಬೆಳಗಾದರೆ ಅದೇ ಮಾತು ಎಂದು ನಕ್ಕಳು. ಆಗ ನಾನು ಹೇಳಿದೆ. ದೂರಾಗಿ ಹೇಳಲಿಲ್ಲ, ಚಾಡಿಯಾಗಿ ಹೇಳಲಿಲ್ಲ. ಹೆಮ್ಮೆಯಿಂದ ಹೇಳಿದೆ.

“ನಮ್ಮ ಕೀಪರ್ ಬೆಳಗಾವಿಯವ. ಎಡಗೈ ಎತ್ತಾಕ ಬರೂದಿಲ್ಲ ಅವಂಗ. ಆದರೂ ನಿಲ್ತಾನ ನೋಡ್ರಿ.”

ಅವಳು ಪಾಪ ಎಂದಳು. ಆಮೇಲೆ ತಿಳಿಗೆಂಪು ಸೀರೆಯನ್ನು ಆರಿಸಿಕೊಂಡಳು.

ಪಂದ್ಯದ ಬಗ್ಗೆ ಬರೆಯಲು ಕೈ ಬರುತ್ತಿಲ್ಲ. ಸೆಮಿಫೈನಲ್ಲಿನ ಮೊದಲ ಪಂದ್ಯವನ್ನು ಹಿಂದಿನ ಭಾನುವಾರ ನಮ್ಮೂರಲ್ಲಿ ಒಂದು ಗೋಲಿನಿಂದ ಗೆದ್ದಿದ್ದೆವು. ನಿನ್ನೆ ಡ್ರಾ ಆಗಿದ್ದರೂ ಫೈನಲ್. ಕ್ಲಬ್ಬಿನ ಹನ್ನೊಂದು ವರ್ಷಗಳಲ್ಲಿ ಮೊದಲ ಫೈನಲ್. ಅರ್ಧ ಗಂಟೆ ಕಳೆದ ಮೇಲೆ ಒಂದು ಕಾರ್ನರ್, ಕೊನೆಗೆ ಹನ್ನೆರಡು ನಿಮಿಷ ಉಳಿದಿದ್ದಾಗ ದೂರದಿಂದ ಒಂದು ಹೊಡೆತ. ಎರಡು ಸಲವೂ ಚೆಂಡು ಅವನ ಎಡಗಡೆ ಎತ್ತರಕ್ಕೆ ಬಂತು. ಎರಡು ಸಲವೂ ಅವನು ಬಲಗೈಯನ್ನೇ ಮೈಯಡ್ಡ ಚಾಚಿದ. ನನ್ನ ಪಕ್ಕದಲ್ಲಿದ್ದ ಸಾಹಿತ್ಯ “ಎಡಗೈ, ಎಡಗೈ” ಎಂದು ತೆಲುಗಿನಲ್ಲಿ ಕೂಗುತ್ತಿದ್ದಳು. ಅವಳ ಪಕ್ಕದಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಇವತ್ತು ಬೆಳಿಗ್ಗೆ ರತ್ನಾಚಲ್ ರೈಲು ಹತ್ತಿ ವಾಪಸ್ಸು ಬಂದೆವು. ಗೆದ್ದು ಬರುವಾಗ ರೈಲು ಅನಕಾಪಲ್ಲಿ ದಾಟುತ್ತಿದ್ದಂತೆ ನಮ್ಮ ಗುಂಪಿನ ಹಿರಿಯರಾದ ದುರ್ಗಾಪ್ರಸಾದ್ ಗಾರು ಕಿಟಕಿಯಲ್ಲಿ ಡಪ್ಪು, ಅಂದರೆ ತಮಟೆ, ಬಾರಿಸುತ್ತಾರೆ. ಸ್ಟೇಷನ್ ಹಿಂದಿನ ಬೀದಿಯಲ್ಲಿರುವ, ನಮ್ಮ ಗುಂಪು ಕಟ್ಟಿದ ಇಂದಿರಮ್ಮನವರಿಗೆ ಅದು ಕೇಳಿಸುತ್ತದೆ. ಇವತ್ತು ಡಪ್ಪು ಮೇಲೆ ಸಾಮಾನಿಡುವ ಹಲಗೆಯಲ್ಲೇ ಇತ್ತು. ರೈಲು ಅಲ್ಲಿ ಎರಡು ನಿಮಿಷ ನಿಂತಿತು. ಯಾರೂ ಕಿಟಕಿಯಿಂದ ಹೊರಗೆ ನೋಡಲಿಲ್ಲ.

ಫೆಬ್ರವರಿ 11, ಮಂಗಳವಾರ

ಆದರ್ಶ್ ಹಾಜರಾಗಿದ್ದ. ಎರಡನೇ ಕೌಂಟರ್. ಬಲಗೈಯಲ್ಲಿ ಸೀಲು ಹೊಡೆಯುತ್ತ, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಚೆನ್ನಾಗಿ ಆಡಿದೆ ಎನ್ನಬೇಕೆಂದುಕೊಂಡೆ. ಪೆನ್ಷನ್ ದಿನವಲ್ಲದಿದ್ದರೂ ಜನ ಹೆಚ್ಚು ಇದ್ದರು. ನೇರ ಕ್ಯಾಬಿನ್ನಿಗೆ ಹೋದೆ.

ಫೆಬ್ರವರಿ 12, ಬುಧವಾರ

ಮಧ್ಯಾಹ್ನ ಗಿರಿಜಾಳ ಮೆಸೇಜು ಬಂತು. ರೊಟ್ಟಿಯವರ ಅಂಗಡಿ ಭಾನುವಾರ ರಜೆ ಎಂದು ಹೇಳಲು ಮರೆತಿದ್ದಳಂತೆ. ಕೆಳಗೆ: ನಿಮ್ಮ ತಂಡ ಸೋತದ್ದಕ್ಕೆ ಬೇಜಾರಾಯಿತು, ನಮ್ಮ ಮನೆಯವರಿಗೆ ಮಾತ್ರ ಖುಷಿಯೋ ಖುಷಿ, ಮುಂದಿನ ಸಲ ಬಂದಾಗ ಮನೆಗೇ ಬರಬೇಕು.

ಅವಳ ಹೆಸರಿನ ಪಕ್ಕದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಗಂಡ ಹೆಂಡತಿ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತಿದ್ದಾರೆ. ಗಂಡ ಕೆಂಪು ಟ್ರ್ಯಾಕ್‌ಸೂಟಿನಲ್ಲಿದ್ದಾನೆ. ಎದೆಯ ಮೇಲೆ ನಮ್ಮನ್ನು ಸೋಲಿಸಿದ ಬ್ಯಾರೇಜ್ ತಂಡದ ಗುರುತು, ಅದರ ಕೆಳಗೆ ‘ಕೋಚ್’.

ಆ ಮುಖ ನನಗೆ ಗೊತ್ತಿತ್ತು. ಭಾನುವಾರ ಅವರ ಬೆಂಚಿನಿಂದ ಎದ್ದು ಬಂದು, ಕಾರ್ನರ್ ಹೊಡೆಯುವವನಿಗೆ ಕೈಯಿಂದ ಗೋಲಿನ ದೂರದ ಕಂಬ ತೋರಿಸಿದ ಮನುಷ್ಯ. ಪ್ರಶಾಂತ್ ಎಂದು ಹೆಸರು, ಕರ್ನಾಟಕದವನು ಎಂದು ಆವತ್ತೇ ದುರ್ಗಾಪ್ರಸಾದ್ ಗಾರು ಹೇಳಿದ್ದರು.

ಮೆಸೇಜಿಗೆ ಥ್ಯಾಂಕ್ಸ್ ಎಂದಷ್ಟೇ ಬರೆದೆ.

ಫೆಬ್ರವರಿ 16, ಭಾನುವಾರ

ಸಂಜೆ ಬೀಚ್ ರಸ್ತೆಯ ಚಹಾದಂಗಡಿಗೆ ಎಲ್ಲರೂ ಬಂದಿದ್ದರು. ಪಂದ್ಯವಿಲ್ಲದ ಭಾನುವಾರ ನಾವು ಸೇರುವುದು ಅಲ್ಲೇ. ದುರ್ಗಾಪ್ರಸಾದ್ ಗಾರು ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಅಷ್ಟು ಎತ್ತರದಲ್ಲಿ ಕುಳಿತು ಕೆಳಗಿನದನ್ನು ನೋಡಿದ ಅಭ್ಯಾಸವೋ ಏನೋ, ಅವರು ಹೇಳಿದರೆ ನಾವೆಲ್ಲ ನಂಬುತ್ತೇವೆ. ಅವರ ಫೋನಿನಲ್ಲಿ ಎರಡು ಗೋಲುಗಳ ವಿಡಿಯೊ ಇತ್ತು. ನಿಧಾನಗತಿಯಲ್ಲಿ, ಮತ್ತೆ ಮತ್ತೆ.

ಕೈ ಎತ್ತಲೇ ಇಲ್ಲ ನೋಡಿ ಎಂದರು. ಸೋಲಲಿ, ಅದು ಬೇರೆ, ಆದರೆ ಇದು ಸೋತದ್ದಲ್ಲ, ಬಿಟ್ಟುಕೊಟ್ಟದ್ದು ಎಂದರು. ಮುಂದಿನ ಸೀಸನ್ನಿಗೆ ಬ್ಯಾರೇಜ್ ತಂಡ ಆದರ್ಶನನ್ನು ಕರೆದುಕೊಳ್ಳುತ್ತದಂತೆ. ಯಾರು ಹೇಳಿದ್ದು ಎಂದು ನಾನು ಕೇಳಿದೆ. ಯಾರೂ ಹೇಳಬೇಕಾಗಿಲ್ಲ, ಅವರ ಕೋಚೂ ಕನ್ನಡದವನು, ಇವನೂ ಕನ್ನಡದವನು, ಅವರವರ ಭಾಷೆಯಲ್ಲಿ ಮಾತು ಮುಗಿದಿದೆ ಎಂದರು. ಮಾತಿನ ನಡುವೆ ನನ್ನ ಕಡೆ ತಿರುಗಿ ಕೈಮುಗಿಯುವಂತೆ ಮಾಡಿದರು.

“ಮೀರು ಕಾದು ಮೇಡಂ. ಮೀರು ಮನವಾಳ್ಳೇ.”

ನೀವಲ್ಲ, ನೀವು ನಮ್ಮವರೇ. ಈ ಮಾತಿಗಾಗಿ ಗುಂಪಿಗೆ ಸೇರಿದ ಮೂರು ವರ್ಷದಿಂದ ಕಾದಿದ್ದೆ ಎಂಬುದು ಅದು ಕಿವಿಗೆ ಬಿದ್ದಾಗಲೇ ನನಗೆ ತಿಳಿದದ್ದು. ಐದು ವರ್ಷದ ಹಿಂದೆ ಗಂಡ ಅರವಿಂದನ ಮನೆಯಿಂದ ಎರಡು ಸೂಟ್‌ಕೇಸ್ ಹಿಡಿದು ಹೊರಟಮೇಲೆ ಯಾರೂ ನನ್ನನ್ನು ಯಾವುದಕ್ಕೂ ಸೇರಿಸಿ ಮಾತಾಡಿರಲಿಲ್ಲ. ಎಂಥ ದಿನ ಬಂತು ಆ ಮಾತು.

ನಮ್ಮದೊಂದು ಬ್ಯಾನರ್ ಇದೆ. ನೀಲಿ ಬಟ್ಟೆ, ಅದರ ಮೇಲೆ ಒಬ್ಬೊಬ್ಬ ಆಟಗಾರನ ಹೆಸರಿಗೆ ಒಂದೊಂದು ಹಳದಿ ಪಟ್ಟಿ. ಸಾಹಿತ್ಯ ಕೈಯಲ್ಲಿ ಹೊಲಿದದ್ದು. ಅವಳು ಪರವಾಡದ ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಶಿಫ್ಟ್ ಬಸ್ಸಿನಲ್ಲಿ ಕುಳಿತು ಹೊಲಿಯುತ್ತಿದ್ದಳಂತೆ. ಮೊದಲು ಹೊಲಿದ ಪಟ್ಟಿ ಆದರ್ಶನದು. ಇವತ್ತು ಬಿಚ್ಚಿದ್ದೂ ಅದನ್ನೇ. ಸಣ್ಣ ಕತ್ತರಿ ತಂದಿದ್ದಳು. ಬಟ್ಟೆ ಸುಕ್ಕಾಗುತ್ತಿದೆ, ಮೇಡಂ ಸ್ವಲ್ಪ ಹಿಡಿದುಕೊಳ್ಳಿ ಎಂದಳು.

ಹಿಡಿದುಕೊಂಡೆ. ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದುಕೊಂಡೆ, ಹೊಲಿಗೆ ಬಿಚ್ಚಲು ಸುಲಭವಾಗಲೆಂದು.

ಪಟ್ಟಿ ಕಿತ್ತ ಜಾಗದಲ್ಲಿ ನೀಲಿ ಬಣ್ಣ ಮಾಸಿರಲಿಲ್ಲ. ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಪಟ್ಟಿಯನ್ನು ಯಾರೋ ಚಹಾದ ಲೋಟದ ಕೆಳಗಿಟ್ಟರು. ಏಳುವಾಗ ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಯಾರೂ ನೋಡಲಿಲ್ಲ, ಅಥವಾ ನೋಡಿಯೂ ಕೇಳಲಿಲ್ಲ.

ಹೇಳಬಹುದಿತ್ತು. ಆದರೆ ಹೇಳಿದರೆ ಅವನ ಭುಜದ್ದೂ ಹೇಳಬೇಕಾಗುತ್ತದೆ. ಅದು ಕ್ಲಬ್ಬಿಗೆ ತಿಳಿದರೆ ಗಾಯ ಮುಚ್ಚಿಟ್ಟನೆಂದು ಅವನನ್ನು ತೆಗೆದುಹಾಕುತ್ತಾರೆ. ಅವನ ಗುಟ್ಟನ್ನು ಕಾಪಾಡಲು ಸುಮ್ಮನಿದ್ದೆ ಎಂದು ಬರೆದುಕೊಂಡರೆ ಚೆನ್ನಾಗಿ ಕಾಣುತ್ತದೆ. ಅಷ್ಟೇ ಕಾರಣವೇ? ಆ ‘ನಮ್ಮವರೇ’ ಎಂಬ ಮಾತು ಸಂಜೆಯವರೆಗಾದರೂ ಉಳಿಯಲಿ ಎಂದು ನನಗೆ ಅನಿಸಿತ್ತು.

ಫೆಬ್ರವರಿ 17, ಸೋಮವಾರ

ಹತ್ತೂವರೆಗೆ ಆದರ್ಶ್ ಚೆಕ್ಕುಗಳ ಕಟ್ಟು ಸಹಿಗೆ ತಂದ. ಸಹಿ ಮಾಡುವವರೆಗೆ ನಿಂತಿದ್ದ.

“ಬ್ಯಾನರಿನಿಂದ ನನ್ನ ಹೆಸರು ತಗದ್ರಂತ, ಮೇಡಮ್.”

ಯಾರು ಹೇಳಿದರು ಎಂದೆ.

“ಫೋಟೊ ಹಾಕ್ಯಾರ. ನೀವೂ ಇದ್ದೀರಿ ಫೋಟೊದಾಗ.” ಸ್ವಲ್ಪ ತಡೆದು, ನನಗೇ ಸಮಾಧಾನ ಹೇಳುವವನಂತೆ, “ನೀವು ಹಿಡ್ಕೊಂಡು ನಿಂತೀರಿ ಅಂದ್ರ ಏನರ ಕಾರಣ ಇರತೈತಿ ಬಿಡ್ರಿ” ಎಂದ.

ಕೊನೆಯ ಮೂರು ಚೆಕ್ಕುಗಳಿಗೆ ನನ್ನ ಸಹಿ ಒಂದರಂತೆ ಒಂದಿಲ್ಲ. ಸಂಜೆ ತೆಗೆದು ನೋಡಿದೆ.

ಫೆಬ್ರವರಿ 19, ಬುಧವಾರ

ಇಂದಿರಮ್ಮ ಫೋನ್ ಮಾಡಿದರು.

ಹೊರಗಿನ ಊರಿನ ಪ್ರತಿ ಪಂದ್ಯಕ್ಕೂ ಹೋದವರಲ್ಲಿ ಒಬ್ಬರು ಅವರಿಗೆ ಕೈಬರಹದಲ್ಲಿ ಕಾಗದ ಬರೆಯಬೇಕು. ಸರದಿ ಇದೆ, ಈ ಸಲ ನನ್ನದು. ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದವರು ಅವರು, ಗೇಟ್ ನಾಲ್ಕನ್ನು ಶುರುಮಾಡಿದವರು. ನಾಲ್ಕು ವರ್ಷದ ಹಿಂದೆ ಸೊಂಟ ಮುರಿದ ಮೇಲೆ ಅನಕಾಪಲ್ಲಿ ಬಿಟ್ಟು ಹೊರಡಲಾಗಿಲ್ಲ. ಹುಟ್ಟಿದ್ದು ಬಳ್ಳಾರಿ. ಉಳಿದವರು ತೆಲುಗಿನಲ್ಲಿ ಬರೆಯುತ್ತಾರೆ, ನಾನು ಕನ್ನಡದಲ್ಲಿ. ಶಾಲೆಯಲ್ಲಿ ಮೂರನೇ ಭಾಷೆಯಾಗಿ ಕನ್ನಡ ಕಲಿತ ಅವರು ಅದನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ಅವರ ಷರತ್ತು ಒಂದೇ. ಗೋಲು ಎಷ್ಟೆಂಬುದು ಪೇಪರಿನಲ್ಲೇ ಸಿಗುತ್ತದೆ, ಕಾಗದದ ಮೊದಲ ಸಾಲಿನಲ್ಲಿ ನಿಮಗೆ ಯಾವುದನ್ನು ಬರೆಯಲು ಇಷ್ಟವಿಲ್ಲವೋ ಅದನ್ನು ಬರೆಯಬೇಕು. ಹಿಂದೆ ಒಬ್ಬ, ಅರ್ಧ ಪಂದ್ಯ ಬಿರಿಯಾನಿ ಸಾಲಿನಲ್ಲಿ ನಿಂತಿದ್ದೆ ಎಂದು ಬರೆದಿದ್ದ. ಸೀಸನ್ ಮುಗಿದ ಮೇಲೆ ಒಂದು ಭಾನುವಾರ ಎಲ್ಲರೂ ಅವರ ಜಗುಲಿಯಲ್ಲಿ ಸೇರಿ, ಬೆಲ್ಲ ಕಡಲೆಬೀಜ ತಿನ್ನುತ್ತ, ಬರೆದವರೇ ಅವರವರ ಕಾಗದ ಓದಬೇಕು. ಈ ವರ್ಷ ಅದು ಮಾರ್ಚ್ ಎರಡಕ್ಕೆ.

“ಏನಮ್ಮಾ ಚಿತ್ರಾ, ನಿಮ್ಮ ಬ್ಯಾಂಕಿನಾಗೆ ಪೆನ್ನಿಗೆ ದಾರ ಕಟ್ಟಿ ಇಟ್ಟಿರ್ತೀರಲ್ಲ, ಆ ದಾರ ಬಿಚ್ಚಲಿಲ್ಲೇನು ಇನ್ನೂ?”

ಕೆಲಸ ಜಾಸ್ತಿ ಅಮ್ಮಾ ಎಂದೆ.

“ರೈಲು ಸುಮ್ಮನೆ ಹೋದಾಗಲೇ ಸೋತ್ರಿ ಅಂತ ತಿಳೀತು. ಕಾಗದಾನೂ ಸುಮ್ಮನಾದ್ರೆ ಹೆಂಗಮ್ಮಾ? ದುರ್ಗಾಪ್ರಸಾದು ಫೋನಿನಾಗೆ ಏನೇನೋ ಹೇಳ್ತಾನೆ. ಆ ಹುಡುಗ ಮಾರಿಕೊಂಡ ಅಂತಾನೆ. ನೀನು ಅಲ್ಲೇ ಇದ್ದೆಯಲ್ಲ. ನೀನು ಏನಂತೀಯೋ ಅದು ನಂಗೆ ಬೇಕು.”

ಸಂಜೆ ಹಾಳೆ ತೆಗೆದು ಕುಳಿತೆ. ‘ಆದರ್ಶನ ಗಾಯದ ವಿಷಯ ಹೇಗೋ ಎದುರಾಳಿಗಳಿಗೆ ತಿಳಿದುಹೋಗಿತ್ತು.’ ಓದಿಕೊಂಡೆ. ಶಾಖೆಯಲ್ಲಿ ಏನಾದರೂ ತಪ್ಪಾದಾಗ ಮೇಲಿನವರಿಗೆ ನಾನು ಬರೆಯುವ ವರದಿಯ ಹಾಗಿತ್ತು. ಹರಿದೆ. ಇನ್ನೊಂದು: ‘ಕೆಲವು ಮಾತುಗಳು ಆಡಬಾರದ ಕಡೆ ಆಡಲ್ಪಟ್ಟವು.’ ಅದನ್ನೂ ಹರಿದೆ.

ಕನ್ನಡದಲ್ಲಿ ಬರೆಯುವುದರಲ್ಲಿ ಒಂದು ಅನುಕೂಲವಿದೆ ಎಂಬುದೂ ನೆನಪಾಯಿತು. ಹಿಂದಿನ ಎರಡು ಸಲ ಜಗುಲಿಯಲ್ಲಿ ಓದುವಾಗ, ಬೇಡವೆನಿಸಿದ ಸಾಲು ಬಂದಾಗ ತೆಲುಗಿನಲ್ಲಿ ಹೇಳದೆ ದಾಟಿಬಿಟ್ಟಿದ್ದೆ. ಇಂದಿರಮ್ಮ ಒಬ್ಬರೇ ನಕ್ಕಿದ್ದರು. ಈ ಸಲವೂ ಹಾಗೆ ಮಾಡಬಹುದು.

ಫೆಬ್ರವರಿ 22, ಶನಿವಾರ

ನಾಲ್ಕನೇ ಶನಿವಾರ, ರಜೆ. ಬೆಳಗಿನ ವಂದೇ ಭಾರತ್ ಹತ್ತಿ ವಿಜಯವಾಡಕ್ಕೆ ಹೋಗಿಬಂದೆ. ಫೋನಿನಲ್ಲಿ ಕೇಳುವ ಮಾತಾಗಿರಲಿಲ್ಲ.

ಗಿರಿಜಾ ಖುಷಿಯಿಂದಲೇ ಬಾಗಿಲು ತೆರೆದಳು. ಪ್ರಶಾಂತ್ ಇರಲಿಲ್ಲ. ಫೈನಲ್ ಬೇರೆ ರಾಜ್ಯದಲ್ಲಿ, ತಂಡದ ಜೊತೆ ನಿನ್ನೆಯೇ ಗನ್ನವರಂನಿಂದ ವಿಮಾನ ಹತ್ತಿದ್ದಾರೆ. ಆ ವಿಮಾನದಲ್ಲಿ ನಮ್ಮವರು ಇರಬೇಕಿತ್ತು ಎನಿಸಿತು. ಅವಳು ರೊಟ್ಟಿ, ಝುಣಕ, ಶೇಂಗಾ ಚಟ್ನಿ ಬಡಿಸಿದಳು. ಎಷ್ಟು ವರ್ಷವಾಗಿತ್ತು. ತಿನ್ನುತ್ತಲೇ ಕೇಳಬಾರದೆಂದು ತಟ್ಟೆ ತೊಳೆದಿಡುವವರೆಗೆ ತಡೆದೆ.

ಆವತ್ತು ಅಂಗಡಿಯಲ್ಲಿ ನಾನು ಹೇಳಿದ್ದನ್ನು ಮನೆಯಲ್ಲಿ ಹೇಳಿದ್ದಿರಾ ಎಂದೆ.

ಅವಳಿಗೆ ಮೊದಲು ಯಾವುದೆಂದು ನೆನಪಾಗಲಿಲ್ಲ. ಆಮೇಲೆ ಮುಖ ಬದಲಾಯಿತು.

“ಹೇಳಿದ್ನಲ್ರೀ. ಹನ್ನೆರಡಕ್ಕ ಊಟಕ್ಕ ಬಂದಿದ್ರು. ಧಾರವಾಡದವ್ರು ಒಬ್ರು ಸಿಕ್ಕಿದ್ರು, ಹಿಂಗಿಂಗ ಅಂದ್ರು, ಪಾಪ ಆ ಹುಡುಗ ಅಂತ ಹೇಳಿದೆ. ತಪ್ಪಾತೇನ್ರಿ?”

ಅವರು ಏನೆಂದರು ಎಂದು ಕೇಳಿದೆ.

“ಅವ್ರಿಗೆ ಮೊದಲ ಸಂಶಯ ಇತ್ತಂತ. ನಿಮ್ಮೂರಿನ ಮ್ಯಾಚಿನ ವಿಡಿಯೊದಾಗ ನೋಡಿದ್ರಂತ. ನಾ ಹೇಳಿದ ಮ್ಯಾಲೆ, ‘ಹಂಗಾದ್ರ ಖರೇನ’ ಅಂದ್ರು. ಅಷ್ಟ. ಊಟ ಬಿಟ್ಟು ಎದ್ದು ಫೋನ್ ಮಾಡಾಕ ಹ್ವಾದ್ರು.” ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು. “ನನಗ ಆಟ ತಿಳೀದಿಲ್ರಿ ಅಕ್ಕಾರ. ನಿಮಗ ತಿಳೀತಿತ್ತು.”

ಅವಳು ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಹೊರಡುವಾಗ ಮಂಗಳಗಿರಿ ಸೀರೆಯ ಕುಪ್ಪಸ ಕಣ ಕೊಟ್ಟು ಕುಂಕುಮ ಹಚ್ಚಿದಳು. ಬಾಗಿಲಲ್ಲಿ ನಿಂತು, ಮತ್ತೆ ಬರ್ತೀರಲ್ಲ ಎಂದು ಎರಡು ಸಲ ಕೇಳಿದಳು. ಆ ಊರಿನಲ್ಲಿ ಅವಳಿಗೂ ಯಾರೂ ಇದ್ದಂತಿಲ್ಲ.

ಫೆಬ್ರವರಿ 23, ಭಾನುವಾರ

ಚಹಾದಂಗಡಿಗೆ ಹೋಗಲಿಲ್ಲ. ತಲೆನೋವು ಎಂದು ಸಾಹಿತ್ಯಳಿಗೆ ತಿಳಿಸಿದೆ.

ಮೊದಲೇ ಸಂಶಯವಿತ್ತಂತೆ. ನಿನ್ನೆ ರೈಲಿನಲ್ಲಿ ಈ ಮಾತನ್ನು ಎಷ್ಟು ಸಲ ಹೊರಳಿಸಿ ನೋಡಿದೆನೋ. ಅದನ್ನು ಹಿಡಿದುಕೊಂಡರೆ ನಾನು ಬದುಕಿಕೊಳ್ಳಬಹುದು. ನಾನು ಹೇಳದಿದ್ದರೂ ಅವರು ಎಡಗಡೆಗೇ ಹೊಡೆಯುತ್ತಿದ್ದರೇನೋ. ಒಂದು ಕಾರ್ನರ್ ಹೊಡೆದು ನೋಡಿ, ಆಗದಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಊಟ ಬಿಟ್ಟು ಎದ್ದದ್ದು ಮಾತ್ರ ನನ್ನ ಮಾತಿಗೆ.

ಪಂದ್ಯದ ಲೆಕ್ಕ ಬಿಡೋಣ. ಎರಡೂ ಗೋಲು ಬಲಗಡೆಗೆ ಬಂದಿದ್ದರೂ, ನಾವು ಗೆದ್ದು ಡಪ್ಪು ಬಾರಿಸುತ್ತ ಬಂದಿದ್ದರೂ, ನಾನು ಹೇಳಿದ್ದು ಹೇಳಿದ್ದೇ ಅಲ್ಲವೇ? ಗೆದ್ದಿದ್ದರೆ ಇದನ್ನು ಬರೆಯುತ್ತಿದ್ದೆನೇ? ಇಲ್ಲ. ಮರೆತೇಬಿಡುತ್ತಿದ್ದೆ. ಇದು ನನಗೆ ಸೋಲಿಗಿಂತ ಹೆಚ್ಚು ಕಷ್ಟವಾಗುತ್ತಿದೆ.

ಕಾಗದ ಬರೆಯುವ ಮೊದಲು ಅವನನ್ನು ಕೇಳಬೇಕು. ಭುಜ ಅವನದು.

ಫೆಬ್ರವರಿ 24, ಸೋಮವಾರ

ಐದೂವರೆಗೆ ಕ್ಯಾಷ್ ಮುಚ್ಚಿದ ಮೇಲೆ ಕರೆದೆ. ಹೋದ ತಿಂಗಳ ಹಾಗೆಯೇ ಬಾಗಿಲು ಮುಂದೆ ಮಾಡಿ ಬಂದ. ಕುಳಿತುಕೋ ಎಂದೆ, ಕುಳಿತ. ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲಿಟ್ಟುಕೊಂಡ. ಈಗ ಅಷ್ಟಾಗಿದೆ ಅದು.

ಏನೆಲ್ಲ ಹೇಳಬೇಕೆಂದು ಮಧ್ಯಾಹ್ನವೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಸಂಶಯವಿತ್ತಂತೆ ಎಂಬುದನ್ನು ಮೊದಲು ಹೇಳಿ, ಅಂಗಡಿಯದನ್ನು ಆಮೇಲೆ ಹೇಳುವುದು. ಬಾಯಿ ತೆರೆದಾಗ ಅಂಗಡಿಯದೇ ಬಂತು. ಮಂಗಳಗಿರಿ, ಬೆಳಿಗ್ಗೆ ಹತ್ತು ಗಂಟೆ, ಹುಬ್ಬಳ್ಳಿಯವಳು, ನಾನು ಆಡಿದ ಮಾತು, ಆಡಿದ ಹಾಗೆಯೇ. ಅವಳ ಗಂಡ ಯಾರೆಂಬುದು. ಸಂಶಯದ ವಿಷಯ ಹೇಳಲು ಮರೆತೇಹೋಯಿತು.

ಅವನು ತಲೆ ತಗ್ಗಿಸಿ ಕೇಳಿದ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಹೊರಗೆ ಕಸ ಗುಡಿಸುವ ಸದ್ದು ನಿಂತ ಮೇಲೆ ಕೇಳಿದ:

“ಕನ್ನಡ ಮಾತಾಡಿದ್ಲು ಅಂತ ಹೇಳಿದ್ರೇನ್ರಿ?”

“ಹೌದು.”

ಅವನು ನಕ್ಕನೆಂದೇ ನನಗನಿಸಿತು.

“ನಾನೂ ಅದಕ್ಕ ನಿಮ್ಮ ಮುಂದ ಹೇಳಿದ್ದು, ಮೇಡಮ್.”

 

ಕಾಗದದ ವಿಷಯ ಹೇಳಿದೆ. ನಿನ್ನ ಹೆಸರು ಕೆಡುತ್ತಿರುವುದು ನನ್ನಿಂದ, ಅದನ್ನು ನಾನೇ ಬರೆದು ಓದಬೇಕು, ಆದರೆ ಭುಜದ್ದು ಬರೆಯದೆ ಅದನ್ನು ಬರೆಯಲಾಗುವುದಿಲ್ಲ, ನೀನು ಬೇಡವೆಂದರೆ ಬರೆಯುವುದಿಲ್ಲ ಎಂದೆ. ಬರೀರಿ ಎಂದ. ಶುಕ್ರವಾರ ದೊಡ್ಡ ಡಾಕ್ಟರಿಗೆ ತೋರಿಸಿದನಂತೆ. ಆಪರೇಷನ್ ಆಗಬೇಕು. ಆಡುವುದು ಮುಗಿಯಿತು. ಅದನ್ನು ಹವಾಮಾನ ಹೇಳುವವನ ಹಾಗೆ ಹೇಳಿದ. ಜೇಬಿನಿಂದ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಬೆಳಗಾವಿಗೆ ವರ್ಗಾವಣೆ ಕೇಳಿದ ಅರ್ಜಿ. ಬೆಳಿಗ್ಗೆಯಿಂದ ಜೇಬಿನಲ್ಲೇ ಇತ್ತು, ಕೊಡಬೇಕೋ ಬೇಡವೋ ಎಂದು ನೋಡುತ್ತಿದ್ದೆ ಎಂದ.

ಹಳದಿ ಪಟ್ಟಿಯನ್ನು ಚೀಲದಿಂದ ತೆಗೆದು ಮುಂದೆ ಚಾಚಿದೆ. ತನ್ನ ಹೆಸರನ್ನು ಅವನು ನೋಡಿದ, ಮುಟ್ಟಲಿಲ್ಲ.

“ನಾ ಏನ್ ಮಾಡ್ಲಿ ಅದನ್ನ ತಗೊಂಡು. ಅದು ಬ್ಯಾನರಿಂದು.”

ಫೆಬ್ರವರಿ 25, ಮಂಗಳವಾರ

ಬೆಳಿಗ್ಗೆ ಕೌಂಟರ್ ದಾಟುವಾಗ ಎದ್ದು ನಿಂತು “ಗುಡ್ ಮಾರ್ನಿಂಗ್, ಮ್ಯಾಮ್” ಎಂದ. ಮೂರು ವರ್ಷ ದಿನಾ ‘ನಮಸ್ಕಾರ್ರಿ ಮೇಡಮ್’ ಎನ್ನುತ್ತಿದ್ದವನು. ಹನ್ನೊಂದಕ್ಕೆ ಒಂದು ಸಂದೇಹ ಕೇಳಲು ಬಂದಾಗಲೂ ಇಂಗ್ಲಿಷ್. ಮೂರು ಗಂಟೆಗೆ ಸರ್ವರ್ ನಿಂತಾಗ ತೆಲುಗು.

ಅರ್ಜಿಗೆ ಶಿಫಾರಸು ಬರೆದು ಮೇಲಕ್ಕೆ ಕಳಿಸಿದೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ, ಬ್ಯಾಂಕಿಗೆ ರಜೆ. ಪಕ್ಕದ ಮನೆಯವರು ಬಾಳೆಹಣ್ಣು, ಗೆಣಸು ಕೊಟ್ಟುಹೋದರು. ಉಪವಾಸವಿಲ್ಲ ಎಂದು ಹೇಳಲು ಮನಸ್ಸಾಗದೆ ಅದನ್ನೇ ತಿಂದುಕೊಂಡು ಬೆಳಗಿನಿಂದ ಕಾಗದ ಬರೆದೆ. ಈ ಸಲ ಒಂದೇ ಹಾಳೆ, ಹರಿಯಲಿಲ್ಲ. ಮೊದಲ ಸಾಲು:

‘ಅಮ್ಮಾ, ಆದರ್ಶನಿಗೆ ಎಡಗೈ ಎತ್ತಲು ಬರುವುದಿಲ್ಲವೆಂದು ಪಂದ್ಯದ ದಿನ ಬೆಳಿಗ್ಗೆ ಎದುರಾಳಿ ಕೋಚಿನ ಹೆಂಡತಿಗೆ ಹೇಳಿದವಳು ನಾನು.’

ಆಮೇಲಿನದು ಸುಲಭವಾಗಿ ಬಂತು. ನೋವಿದ್ದೂ ಅವನು ತೊಂಬತ್ತು ನಿಮಿಷ ನಿಂತದ್ದು, ಬಲಗಡೆಗೆ ಬಂದ ನಾಲ್ಕನ್ನು ಹಿಡಿದದ್ದು, ಎರಡನೇ ಗೋಲಾದ ಮೇಲೆ ಚೆಂಡನ್ನು ಬಲೆಯಿಂದ ತೆಗೆದು ಒಂದೇ ಕೈಯಲ್ಲಿ ಮಧ್ಯಕ್ಕೆ ಎಸೆದು ‘ಇನ್ನೂ ಟೈಮ್ ಐತಿ’ ಎಂದು ಕನ್ನಡದಲ್ಲಿ ಕೂಗಿದ್ದು. ಅಲ್ಲಿದ್ದ ನಮ್ಮ ಗುಂಪಿನಲ್ಲಿ ಅದು ಅರ್ಥವಾದದ್ದು ನನಗೊಬ್ಬಳಿಗೇ. ಇದೆಲ್ಲವನ್ನೂ ಈ ಪುಸ್ತಕದಲ್ಲಿ ಬರೆದಿರಲಿಲ್ಲ ಎಂಬುದನ್ನು ಈಗ ಹಿಂದಿನ ಪುಟ ತಿರುವಿದಾಗ ಕಂಡೆ. ಹದಿನಾರು ದಿನ ಬರೀ ನನ್ನ ವಿಷಯವನ್ನೇ ಬರೆದಿದ್ದೇನೆ.

ಮಧ್ಯಾಹ್ನ, ತೆಲುಗು ಬರೆಯಲು ನನಗೆ ಬಾರದ್ದರಿಂದ, ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಂದು ಹಾಳೆಯಲ್ಲಿ ಬರೆದು ಜೊತೆಗಿಟ್ಟೆ. ಭಾನುವಾರ ಜಗುಲಿಯಲ್ಲಿ ಕನ್ನಡದ್ದನ್ನು ನಾನು ಓದುತ್ತೇನೆ. ಇಂಗ್ಲಿಷಿನದನ್ನು ಸಾಹಿತ್ಯಳ ಕೈಗೆ ಕೊಡಿ, ಅವಳು ನೋಡಿಕೊಂಡು ಎಲ್ಲರಿಗೂ ತೆಲುಗಿನಲ್ಲಿ ಹೇಳಲಿ, ಒಂದು ಸಾಲೂ ಬಿಡದೆ ಹೇಳಲಿ ಎಂದು ಇಂದಿರಮ್ಮನವರಿಗೆ ಬರೆದಿದ್ದೇನೆ. ದುರ್ಗಾಪ್ರಸಾದ್ ಗಾರು ಎದುರಿಗೇ ಕುಳಿತಿರುತ್ತಾರೆ. ಅವರು ಹೇಳಿದ ಆ ‘ನಮ್ಮವರೇ’ ಎಂಬ ಮಾತನ್ನು ಅಲ್ಲೇ ಹಿಂತಿರುಗಿ ಕೊಟ್ಟು ಬರಬೇಕಾಗಬಹುದು. ರೈಲಿನಲ್ಲಿ ಹೋಗುವಾಗ ಹದಿನೆಂಟು ಜನ, ಬರುವಾಗ ನಾನು ಬೇರೆ ಡಬ್ಬಿಯಲ್ಲಿ ಬರುವೆನೇನೋ.

ಹಳದಿ ಪಟ್ಟಿಯನ್ನು ಇಸ್ತ್ರಿ ಮಾಡಿ ಲಕೋಟೆಯಲ್ಲಿಟ್ಟಿದ್ದೇನೆ. ಹೊಲಿಗೆಯ ತೂತುಗಳು ಇಸ್ತ್ರಿಗೆ ಮುಚ್ಚಲಿಲ್ಲ. ಅದನ್ನು ಎಲ್ಲಿ ಹೊಲಿಯಬೇಕೆಂಬುದನ್ನು ಅವರೆಲ್ಲ ಸೇರಿ ಹೇಳಲಿ. ಬಟ್ಟೆ ಹಿಡಿದುಕೊಳ್ಳಲು ನನ್ನನ್ನು ಕರೆದರೆ ಹಿಡಿದುಕೊಳ್ಳುತ್ತೇನೆ.

ಅಂಟು ಹಚ್ಚಿ, ವಿಳಾಸ ಬರೆದು, ಚೀಲದಲ್ಲಿಟ್ಟಾಯಿತು. ಇವತ್ತು ಪೋಸ್ಟ್ ಆಫೀಸಿಗೂ ರಜೆ. ಡಬ್ಬಕ್ಕೆ ಹಾಕಿದರೆ ಭಾನುವಾರದೊಳಗೆ ತಲುಪುವ ಖಾತ್ರಿಯಿಲ್ಲ, ಕೌಂಟರಿನಲ್ಲೇ ಸ್ಪೀಡ್ ಪೋಸ್ಟ್ ಮಾಡಬೇಕು. ನಾಳೆ ಗುರುವಾರ, ಬೆಳಿಗ್ಗೆ ಶಾಖೆಗೆ ಹೋಗುವ ಮುಂಚೆ ಮಾಡುತ್ತೇನೆ.